ತೋಳಿನ ಮೇಲಿನ ಬಿಸಿಜಿ ಕಲೆಯೂ, ಚಿಕ್ಕಪ್ಪನ ಆರು ಮಂಗಳವಾರಗಳೂ

ಇಲ್ಲಿ ಬರೆಯದೆ ಬಹಳ ದಿನಗಳಾದವು. ಕೆಲಸ, ಓಡಾಟ, ಸೋಮಾರಿತನ... ಕಾರಣ ಏನು ಬೇಕಾದರೂ ಹೇಳಬಹುದು. ಹೋದ ವಾರ ಊರಿಗೆ ಹೋಗಿದ್ದೆ. ಊರು ಅಂದರೆ ನಮ್ಮ ಭದ್ರಾವತಿಯ ಕಾಗದನಗರ. ಎಂಪಿಎಂ ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಊರು. 1936ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಕಂಪನಿ. ಕನ್ನಡದ ಎಷ್ಟೋ ಪತ್ರಿಕೆಗಳಿಗೆ ಕಾಗದ ಕೊಟ್ಟಿತ್ತು. ಸುಮಾರು ಹತ್ತು ವರ್ಷಗಳ ಹಿಂದೆ ಯಂತ್ರಗಳು ನಿಂತವು. ಹೆಸರು ಮಾತ್ರ ಕಾಗದನಗರ ಎಂದೇ ಉಳಿದಿದೆ.

ಜಗುಲಿಯಲ್ಲಿ ಕೂತು ಚಿಕ್ಕಪ್ಪ ಬನಿಯನ್ ಮೇಲಿದ್ದರು. ಎಡತೋಳಿನ ಮೇಲೆ ನಾಲ್ಕಾಣೆಯಷ್ಟು ಗಾತ್ರದ ಹಳೇ ಕಲೆ. ನನಗೂ ಇದೆ, ನಿಮಗೂ ಇರಬಹುದು. ಅದನ್ನು ನೋಡಿದಾಗಲೆಲ್ಲ ನನಗೆ 2014 ನೆನಪಾಗುತ್ತದೆ. ಆ ಕತೆ ಬರೆಯಬೇಕು ಅಂದುಕೊಂಡು ಎಷ್ಟೋ ಸಲ ಕೂತು ಎದ್ದಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಕಾಫಿ ಇಟ್ಟುಕೊಂಡು ಓದಿ :-)

ಆ ವರ್ಷ ಚಿಕ್ಕಪ್ಪನಿಗೆ ಮೂತ್ರದಲ್ಲಿ ರಕ್ತ ಕಾಣಿಸಿತು. ನೋವಿಲ್ಲ, ಜ್ವರವಿಲ್ಲ. "ಉಷ್ಣ ಆಗಿದೆ, ಎಳನೀರು ಕುಡಿದರೆ ಹೋಗುತ್ತೆ" ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದರು. ಚಿಕ್ಕಮ್ಮ ಬಿಡಲಿಲ್ಲ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನಳಿಕೆ ಹಾಕಿ ನೋಡಿದರು. ಮೂತ್ರಕೋಶದ ಒಳಗೋಡೆಯಲ್ಲಿ ಗೆಡ್ಡೆ. ಮೂವತ್ತು ವರ್ಷ ಸೇದಿದ ಬೀಡಿ ಸಿಗರೇಟಿನ ಲೆಕ್ಕ ಅದು ಅಂತ ಡಾಕ್ಟರು ನೇರವಾಗಿಯೇ ಹೇಳಿದರು. ಒಳಗಿಂದಲೇ ಕೆರೆದು ತೆಗೆದರು. ಮಾಂಸಖಂಡಕ್ಕೆ ಇಳಿದಿರಲಿಲ್ಲ, ಆದರೆ ಮತ್ತೆ ಹುಟ್ಟುವ ಜಾತಿಯದ್ದು. ಹಾಗಾಗಿ ಮುಂದಿನ ಚಿಕಿತ್ಸೆ ಬೇಕು ಅಂದರು.

"ಏನು ಚಿಕಿತ್ಸೆ ಡಾಕ್ಟ್ರೇ? ಕರೆಂಟಾ? ಕೀಮೋನಾ?"

"ಎರಡೂ ಅಲ್ಲ ಯಜಮಾನ್ರೇ. ಬಿಸಿಜಿ."

ಚಿಕ್ಕಪ್ಪ ತೋಳು ತೋರಿಸಿದರು. "ಅದು ಸ್ಕೂಲಲ್ಲೇ ಹಾಕಿದಾರಲ್ಲ!"

ಡಾಕ್ಟರು ನಕ್ಕರು. ಚಿಕ್ಕಮ್ಮ ನಗಲಿಲ್ಲ. ಹೊರಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲ ಕಣೋ, ಕ್ಯಾನ್ಸರ್ ಇರೋರಿಗೆ ಟಿಬಿ ಕ್ರಿಮಿ ಹಾಕ್ತಾರಂತೆ. ಇದೆಂಥಾ ಔಷಧಿನೋ? ನೀನು ಓದಿದೋನು, ಸರಿಯಾಗಿ ವಿಚಾರಿಸು" ಅಂದರು. ವಿಚಾರಿಸುತ್ತಾ ಹೋದೆ. ನಾನು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಆದರೆ ಓದುತ್ತಾ ಹೋದ ಹಾಗೆ ಸಿಕ್ಕಿದ ಇತಿಹಾಸ ನನ್ನನ್ನು ಹಿಡಿದು ಕೂರಿಸಿತು.

ಆಲೂಗಡ್ಡೆ, ಎತ್ತಿನ ಪಿತ್ತ ಮತ್ತು ಹದಿಮೂರು ವರ್ಷ

ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ ಆಲ್ಬರ್ಟ್ ಕಾಲ್ಮೆಟ್ ಮತ್ತು ಕಮೀಲ್ ಗೆರಾಂ ಎಂಬ ಇಬ್ಬರು ದನಗಳ ಕ್ಷಯದ ಕ್ರಿಮಿಯನ್ನು ಆಲೂಗಡ್ಡೆ, ಗ್ಲಿಸರಿನ್, ಎತ್ತಿನ ಪಿತ್ತರಸದ ಮೇಲೆ ಬೆಳೆಸಲು ಶುರುಮಾಡಿದ್ದು 1908ರಲ್ಲಿ. ಮೂರು ವಾರಕ್ಕೊಮ್ಮೆ ಹೊಸ ತಟ್ಟೆಗೆ ಬದಲಾಯಿಸುವುದು. ಹೀಗೆ ಸುಮಾರು 230 ಸಲ, ಹದಿಮೂರು ವರ್ಷ. ನಡುವೆ ಮೊದಲ ಮಹಾಯುದ್ಧ ಬಂದು ಜರ್ಮನರು ಊರನ್ನೇ ಹಿಡಿದುಕೊಂಡರೂ ಕೆಲಸ ನಿಲ್ಲಲಿಲ್ಲ. ಕೊನೆಗೆ ಕ್ರಿಮಿ ಬದುಕಿತ್ತು, ಆದರೆ ರೋಗ ತರುವ ಶಕ್ತಿ ಕಳೆದುಕೊಂಡಿತ್ತು. 1921ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಒಂದು ಮಗುವಿಗೆ ಕೊಟ್ಟರು. ಕ್ರಿಮಿಗೆ ಇವರಿಬ್ಬರ ಹೆಸರಿಟ್ಟು ಕರೆದದ್ದೇ ಬಿಸಿಜಿ.

ನಮ್ಮ ದೇಶಕ್ಕೆ ಅದು ಬಂದದ್ದು 1948ರಲ್ಲಿ. ಮದರಾಸಿನ ಗಿಂಡಿಯಲ್ಲಿ ತಯಾರಿಕೆ ಶುರುವಾಯಿತು. 1951ರಿಂದ ದೇಶದ ತುಂಬ ಸಾಮೂಹಿಕ ಲಸಿಕೆ. ಎಲ್ಲರೂ ಒಪ್ಪಿದರು ಅಂತಲ್ಲ. ರಾಜಾಜಿಯವರಂಥ ರಾಜಾಜಿಯೇ 1955ರಲ್ಲಿ ಬಿಸಿಜಿ ವಿರುದ್ಧ ಪುಸ್ತಿಕೆ ಬರೆದು ಗುದ್ದಾಡಿದ್ದರು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರಲ್ಲಿ ನೆಹರೂ ಉದ್ಘಾಟಿಸಿದರು. ಚಿಕ್ಕಪ್ಪನ ಶಾಲೆಗೆ ಬಿಸಿಜಿ ತಂಡ ಬಂದದ್ದು ಅದೇ ಕಾಲದಲ್ಲಿ. ಹುಡುಗರು ಹಿಂದಿನ ಕಿಟಕಿಯಿಂದ ಹಾರಿ ಓಡುತ್ತಿದ್ದರಂತೆ. ಚಿಕ್ಕಪ್ಪ ಸಿಕ್ಕಿಬಿದ್ದವರು.

ಮುಂದೆ ಒಂದು ತಮಾಷೆ ನಡೆಯಿತು, ತಮಾಷೆ ಅನ್ನಬಾರದೇನೋ. 1968ರಿಂದ ತಮಿಳುನಾಡಿನ ಚೆಂಗಲ್ಪಟ್ಟು ಕಡೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ಬಿಸಿಜಿಯ ದೊಡ್ಡ ಪರೀಕ್ಷೆ ನಡೆಯಿತು. ಹತ್ತಿರ ಹತ್ತಿರ 1980ರ ಹೊತ್ತಿಗೆ ಫಲಿತಾಂಶ ಬಂತು: ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಇದು ತಡೆಯುವುದಿಲ್ಲ! ಮಕ್ಕಳಿಗೆ ಬರುವ ಘೋರವಾದ ಮೆದುಳಿನ ಕ್ಷಯಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ ಎಂಬ ಕಾರಣಕ್ಕೆ ಲಸಿಕೆ ಉಳಿಯಿತು. ಒಂದು ಕೆಲಸಕ್ಕೆ ಅಂತ ಮಾಡಿದ್ದು ಆ ಕೆಲಸದಲ್ಲಿ ಅರ್ಧ ಫೇಲಾಯಿತು. ಅದೇ ಹೊತ್ತಿಗೆ ಪ್ರಪಂಚದ ಇನ್ನೊಂದು ಮೂಲೆಯಲ್ಲಿ ಅದಕ್ಕೆ ಬೇರೆ ಕೆಲಸ ಸಿಕ್ಕಿತ್ತು.

ಅದನ್ನು ಹೇಳಬೇಕಾದರೆ ಇನ್ನೂ ಹಿಂದಕ್ಕೆ, ನ್ಯೂಯಾರ್ಕಿಗೆ ಹೋಗಬೇಕು.

ಜ್ವರ ಬಂದು ಗೆಡ್ಡೆ ಕರಗಿದ ಕತೆ

1891ರ ಜನವರಿಯಲ್ಲಿ ವಿಲಿಯಂ ಕೋಲಿ ಎಂಬ ಯುವ ಸರ್ಜನ್‌ನ ಹದಿನೇಳರ ಹುಡುಗಿ ರೋಗಿ ಬೆಸ್ಸಿ ಡ್ಯಾಶೀಲ್ ತೀರಿಕೊಂಡಳು. ಕೈಯಲ್ಲಿ ಶುರುವಾದ ಮೂಳೆ ಕ್ಯಾನ್ಸರ್. ಕೈ ಕತ್ತರಿಸಿದರೂ ಉಳಿಯಲಿಲ್ಲ. ಕೋಲಿ ಕಂಗೆಟ್ಟು ಆಸ್ಪತ್ರೆಯ ಹಳೇ ಕಡತಗಳನ್ನು ತಿರುವಿಹಾಕಿದ. ಒಂದು ಕಡತದಲ್ಲಿ ಫ್ರೆಡ್ ಸ್ಟೈನ್ ಎಂಬ ಜರ್ಮನ್ ವಲಸಿಗನ ವಿಚಾರ. ಕುತ್ತಿಗೆಯಲ್ಲಿ ಮತ್ತೆ ಮತ್ತೆ ಹುಟ್ಟುತ್ತಿದ್ದ ಗೆಡ್ಡೆ, ಡಾಕ್ಟರುಗಳು ಕೈಬಿಟ್ಟಿದ್ದರು. ಅಷ್ಟರಲ್ಲಿ ಗಾಯಕ್ಕೆ ಎರಿಸಿಪೆಲಸ್ ಎಂಬ ಸೋಂಕು ತಗಲಿ, ಚರ್ಮ ಕೆಂಪಗೆ ಊದಿ, ವಿಪರೀತ ಜ್ವರ ಬಂತು. ಜ್ವರ ಇಳಿದಾಗ ಗೆಡ್ಡೆಯೂ ಇಳಿದಿತ್ತು! ಕೋಲಿ ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಮನೆ ಮನೆ ಅಲೆದು ಆ ಮನುಷ್ಯನನ್ನು ಹುಡುಕಿದ. ಏಳು ವರ್ಷದ ನಂತರವೂ ಆತ ಗಟ್ಟಿಮುಟ್ಟಾಗಿದ್ದ.

ಆಮೇಲೆ ಕೋಲಿ ಬೇಕೆಂದೇ ಸೋಂಕು ಹತ್ತಿಸಿ ನೋಡಿದ. ಕೆಲವರಿಗೆ ಗುಣವಾಯಿತು, ಕೆಲವರು ಸೋಂಕಿನಿಂದಲೇ ಸತ್ತರು. ನಂತರ ಕೊಂದ ಬ್ಯಾಕ್ಟೀರಿಯಾಗಳ ಮಿಶ್ರಣ ಮಾಡಿದ. 1893ರಲ್ಲಿ ಹೊಟ್ಟೆಯಲ್ಲಿ ದೊಡ್ಡ ಗೆಡ್ಡೆಯಿದ್ದ ಹದಿನಾರರ ಹುಡುಗನಿಗೆ ಕೊಟ್ಟ. ಹುಡುಗ ಮತ್ತೆ ಇಪ್ಪತ್ತಾರು ವರ್ಷ ಬದುಕಿದ. ಆದರೆ ಕೋಲಿಗೆ ತನ್ನ ಔಷಧ ಹೇಗೆ ಕೆಲಸ ಮಾಡುತ್ತೆ ಎಂದು ಹೇಳಲು ಬರಲಿಲ್ಲ. ಒಬ್ಬರಿಗೆ ಹಿಡಿದರೆ ಇನ್ನೊಬ್ಬರಿಗೆ ಹಿಡಿಯುತ್ತಿರಲಿಲ್ಲ. ಅದೇ ಸಮಯಕ್ಕೆ ಎಕ್ಸ್-ರೇ, ರೇಡಿಯಂ ಬಂದವು. ಕೋಲಿ 1936ರಲ್ಲಿ ತೀರಿಕೊಂಡ (ನಮ್ಮ ಎಂಪಿಎಂ ಹುಟ್ಟಿದ ವರ್ಷ). ಅವನ ಮಗಳು ಹೆಲೆನ್ ಮಾತ್ರ ಅಪ್ಪನ ಕಡತಗಳನ್ನೆಲ್ಲ ಕೂಡಿಹಾಕಿ 1953ರಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿದಳು.

ಈ ಎಳೆ ಬಿಸಿಜಿಗೆ ಹೇಗೆ ಸೇರುತ್ತೆ ಅಂತೀರಾ? 1929ರಲ್ಲಿ ರೇಮಂಡ್ ಪರ್ಲ್ ಎಂಬಾತ ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ನೋಡಿ, ಕ್ಷಯ ಇದ್ದವರಲ್ಲಿ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಎಂದ. ಆ ಲೆಕ್ಕದಲ್ಲಿ ದೋಷಗಳಿದ್ದವು ಎಂದು ಆಮೇಲೆ ಗೊತ್ತಾಯಿತು, ಆದರೆ ಯೋಚನೆ ಉಳಿಯಿತು. 1959ರಲ್ಲಿ ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು ಬಿಸಿಜಿ ಕೊಟ್ಟ ಇಲಿಗಳಲ್ಲಿ ಗೆಡ್ಡೆ ಸುಲಭವಾಗಿ ಬೆಳೆಯುವುದಿಲ್ಲ ಎಂದು ತೋರಿಸಿದರು. ಅದನ್ನು ಮನುಷ್ಯರ ಮೂತ್ರಕೋಶಕ್ಕೆ ತಂದವರು ಕೆನಡಾದ ಕಿಂಗ್‌ಸ್ಟನ್ನಿನ ಡಾ. ಅಲ್ವಾರೊ ಮೊರಾಲೆಸ್. 1976ರಲ್ಲಿ ಅವರು ಪ್ರಕಟಿಸಿದ್ದು ಕೇವಲ ಒಂಬತ್ತು ರೋಗಿಗಳ ವರದಿ! ವಾರಕ್ಕೊಂದರಂತೆ ಆರು ವಾರ. ಯಾಕೆ ಆರೇ ವಾರ? ಅವರಿಗೆ ಸಿಗುತ್ತಿದ್ದ ಬಿಸಿಜಿ ಡಬ್ಬಿಯಲ್ಲಿ ಆರು ಸೀಸೆ ಇರುತ್ತಿದ್ದವಂತೆ, ಅಷ್ಟೇ. ಮುಂದೆ ದೊಡ್ಡ ಪರೀಕ್ಷೆಗಳಾದವು, 1990ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಇಂದಿಗೂ ಪ್ರಪಂಚದಾದ್ಯಂತ ಶುರುವಿನ ಲೆಕ್ಕ ಆರು ವಾರವೇ.

ಆರು ಮಂಗಳವಾರ

ಚಿಕ್ಕಪ್ಪನಿಗೆ ಸಿಕ್ಕಿದ್ದು ಮಂಗಳವಾರ. ಬೆಳಿಗ್ಗೆ ಭದ್ರಾವತಿಯಿಂದ ಶಿವಮೊಗ್ಗ ಬಸ್ಸು. ನಳಿಕೆಯ ಮೂಲಕ ಔಷಧಿ ನೇರವಾಗಿ ಮೂತ್ರಕೋಶಕ್ಕೆ. ಎರಡು ಗಂಟೆ ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ಹೋದಾಗ ಕಕ್ಕಸಿಗೆ ಬ್ಲೀಚಿಂಗ್ ಸುರಿಯಬೇಕು, ಒಳಗಿರುವುದು ಜೀವಂತ ಕ್ರಿಮಿ ನೋಡಿ. ಮೊದಲ ಎರಡು ವಾರ ಏನೂ ಆಗಲಿಲ್ಲ. "ಇದು ಡುಪ್ಲಿಕೇಟ್ ಔಷಧಿ ಇರಬೇಕು ಕಣೋ" ಅಂದರು. ಮೂರನೇ ವಾರದಿಂದ ಉರಿ, ಚಳಿ ಜ್ವರ, ಹತ್ತು ನಿಮಿಷಕ್ಕೊಮ್ಮೆ ಏಳುವುದು. ಆ ರಾತ್ರಿ ಚಿಕ್ಕಮ್ಮ ಅಳುತ್ತಾ ಫೋನ್ ಮಾಡಿದರು. ನಾನು ಬೆಂಗಳೂರಿನಲ್ಲಿ. ಡಾಕ್ಟರಿಗೆ ಫೋನ್ ಹಾಕಿದೆ. "ಜ್ವರ ಎರಡು ದಿನಕ್ಕಿಂತ ಹೆಚ್ಚು ನಿಂತರೆ ತಕ್ಷಣ ಕರೆದುಕೊಂಡು ಬನ್ನಿ. ಇಳಿದರೆ ಹೆದರಬೇಡಿ, ಅವರ ಮೈ ಎದ್ದಿದೆ ಅಂತ ಅರ್ಥ" ಅಂದರು.

ಮೈ ಎದ್ದಿದೆ. ಕೋಲಿ ನೂರು ವರ್ಷ ಹಿಂದೆ ಕಂಡದ್ದೂ ಇದನ್ನೇ ಅಲ್ಲವೇ!

ಬಿಸಿಜಿ ತಾನೇ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ಕ್ಯಾನ್ಸರ್ ಕೋಶ ನಮ್ಮದೇ ಕೋಶ, ನಮ್ಮ ಮನೆಯ ಮಗನೇ ಕಳ್ಳನಾದ ಹಾಗೆ. ಮೈಯ ಕಾವಲುಗಾರರು ಅವನನ್ನು ನೋಡಿಯೂ ಸುಮ್ಮನಿರುತ್ತಾರೆ. ಮೂತ್ರಕೋಶದ ಗೋಡೆಗೆ ಬಿಸಿಜಿ ಅಂಟಿಕೊಂಡಾಗ "ಕ್ಷಯದ ಕ್ರಿಮಿ ಬಂತು" ಎಂದು ಕೂಗಾಟ ಏಳುತ್ತದೆ. ಬಿಳಿ ರಕ್ತಕಣಗಳ ದಂಡು, ಟಿ-ಕೋಶಗಳು, ಕೊಲೆಗಾರ ಕೋಶಗಳು ಎಲ್ಲ ಅಲ್ಲಿಗೆ ನುಗ್ಗುತ್ತವೆ. ಆ ಗದ್ದಲದಲ್ಲಿ ಬಚ್ಚಿಟ್ಟುಕೊಂಡಿದ್ದ ಕಳ್ಳನೂ ಸಿಕ್ಕಿಬೀಳುತ್ತಾನೆ.

ತಡೆಯುವ ಲಸಿಕೆ, ಗುಣಪಡಿಸುವ ಲಸಿಕೆ

ನಮ್ಮ ಜಿಲ್ಲೆಯವರಿಗೆ ಲಸಿಕೆ ಅಂದರೆ ತಕ್ಷಣ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡುಬಂದು, ಆ ಊರಿನ ಹೆಸರನ್ನೇ ಪ್ರಪಂಚದ ವೈದ್ಯ ಪುಸ್ತಕಗಳಿಗೆ ಸೇರಿಸಿದ ರೋಗ. ಅದಕ್ಕೆ ಕೊಡುತ್ತಿದ್ದ ಲಸಿಕೆ ರೋಗ ಬರುವ ಮೊದಲು ಹಾಕಿಸಿಕೊಳ್ಳುವಂಥದ್ದು.

ಕ್ಯಾನ್ಸರಿನಲ್ಲೂ ಈ ಜಾತಿಯ ಲಸಿಕೆಗಳಿವೆ. ಹೆಪಟೈಟಿಸ್-ಬಿ ಲಸಿಕೆ ಹಾಕಿಸಿದರೆ ಯಕೃತ್ತಿನ ಕ್ಯಾನ್ಸರಿನ ಒಂದು ದೊಡ್ಡ ಕಾರಣ ತಪ್ಪುತ್ತದೆ. ಎಚ್‌ಪಿವಿ ಲಸಿಕೆ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುತ್ತದೆ. ಅಮೆರಿಕದಲ್ಲಿ 2006ರಲ್ಲಿ ಬಂದದ್ದು, ನಮ್ಮದೇ ದೇಶದ ಸೆರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. ಹೆಣ್ಣುಮಕ್ಕಳಿರುವ ಗೆಳೆಯರು ದಯವಿಟ್ಟು ಇದನ್ನು ಡಾಕ್ಟರ ಹತ್ತಿರ ವಿಚಾರಿಸಿ.

ರೋಗ ಬಂದ ಮೇಲೆ ಕೊಡುವ ಲಸಿಕೆ ಇನ್ನೊಂದು ಜಾತಿ. 2010ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಪ್ರೊವೆಂಜ್ ಬಂತು: ರೋಗಿಯ ರಕ್ತದ ಕೋಶಗಳನ್ನೇ ತೆಗೆದು, ಶತ್ರುವಿನ ಗುರುತು ಹೇಳಿಕೊಟ್ಟು, ವಾಪಸ್ ಬಿಡುವುದು. ಆಯಸ್ಸು ಹೆಚ್ಚಿಸಿದ್ದು ಸರಾಸರಿ ನಾಲ್ಕು ತಿಂಗಳು. ಈಗ ಕೋವಿಡ್ ಲಸಿಕೆಯ ಎಂಆರ್‌ಎನ್‌ಎ ವಿದ್ಯೆಯಲ್ಲೇ ಒಬ್ಬೊಬ್ಬ ರೋಗಿಯ ಗೆಡ್ಡೆಯ ಗುರುತು ನೋಡಿ ಅವರಿಗೆಂದೇ ಲಸಿಕೆ ಮಾಡುವ ಪ್ರಯೋಗಗಳು ನಡೆಯುತ್ತಿವೆ. ಈ ಎಲ್ಲಕ್ಕಿಂತ ಮೊದಲೇ ದಾರಿ ತೋರಿಸಿದ್ದು ನಮ್ಮ ತೋಳಿನ ಮೇಲಿನ ಬಡ ಬಿಸಿಜಿ.

ಬ್ರೇಕ್ ಬಿಡಿಸಿದವರು, ಕೋಶಕ್ಕೆ ಕಣ್ಣು ಕೊಟ್ಟವರು

ಕಾವಲುಗಾರರು ಸುಮ್ಮನಿರುವುದೇಕೆ? ಟಿ-ಕೋಶಕ್ಕೆ ಬ್ರೇಕುಗಳಿವೆ, ಕ್ಯಾನ್ಸರ್ ಆ ಬ್ರೇಕನ್ನು ಒತ್ತಿ ಹಿಡಿಯುತ್ತದೆ ಎಂದು ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಅವರ ಕೆಲಸದಿಂದ ತಿಳಿಯಿತು. ಬ್ರೇಕ್ ಬಿಡಿಸುವ ಮೊದಲ ಔಷಧಕ್ಕೆ 2011ರಲ್ಲಿ ಒಪ್ಪಿಗೆ, ಅವರಿಬ್ಬರಿಗೂ 2018ರಲ್ಲಿ ನೊಬೆಲ್.

ಇನ್ನೊಂದು ದಾರಿ ಕಾರ್-ಟಿ. ರೋಗಿಯ ಟಿ-ಕೋಶಗಳನ್ನು ತೆಗೆದು, ಅದಕ್ಕೊಂದು ಹೊಸ ಜೀನ್ ಸೇರಿಸಿ, ಕ್ಯಾನ್ಸರಿನ ಗುರುತು ಹಿಡಿಯುವ ಕಣ್ಣು ಕೊಟ್ಟು, ಲಕ್ಷಾಂತರವಾಗಿ ಬೆಳೆಸಿ ಮತ್ತೆ ಮೈಗೆ ಹರಿಸುವುದು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ರಕ್ತ ಕ್ಯಾನ್ಸರಿನ ಹುಡುಗಿಗೆ ಇದನ್ನು ಕೊಟ್ಟರು. ಮೈ ಎಷ್ಟು ಎದ್ದಿತೆಂದರೆ ಜ್ವರದಲ್ಲೇ ಮಗು ಹೋಗಿಬಿಡುತ್ತಿತ್ತು; ಸಂಧಿವಾತಕ್ಕೆ ಕೊಡುವ ಒಂದು ಔಷಧ ಉಳಿಸಿತು. ಇಂದು ಆಕೆ ಬೆಳೆದು ದೊಡ್ಡವಳಾಗಿದ್ದಾಳೆ.

ಇದು ನಮ್ಮ ಕಡೆಗೂ ಬಂದಿದೆ. ಬಾಂಬೆ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯಿಂದ ಹೊರಬಂದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮುಂತಾದವರು ಕಟ್ಟಿದ ಇಮ್ಯುನೀಲ್ ಕಂಪನಿ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿ ಪರೀಕ್ಷೆ ನಡೆಸಿ, 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಚಿಕಿತ್ಸೆ ತಂದಿತು. ಅದರ ಮೂಲ ಬಾರ್ಸಿಲೋನಾದ ಒಂದು ಆಸ್ಪತ್ರೆಯದು. ಆರಿ ಎಂಬ ಹುಡುಗಿ ರಕ್ತ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ತಾಯಿ ಜನರಿಂದ ಹಣ ಕೂಡಿಸಿ ಸಂಶೋಧನೆಗೆ ಕೊಟ್ಟರು. ಆ ಚಿಕಿತ್ಸೆಗೆ ಆರಿಯದೇ ಹೆಸರಿಟ್ಟಿದ್ದರು. ಕೋಲಿಯನ್ನು ಹಚ್ಚಿದ್ದು ಬೆಸ್ಸಿ, ಇಲ್ಲಿ ಆರಿ. ಈ ಇತಿಹಾಸದ ತುಂಬ ಸತ್ತ ಹುಡುಗಿಯರಿದ್ದಾರೆ, ಯಾಕೋ ಓದುವಾಗ ಗಂಟಲು ಕಟ್ಟುತ್ತದೆ.

ಆದರೆ ದುಡ್ಡು?

ಅಮೆರಿಕದಲ್ಲಿ ಮೊದಲ ಕಾರ್-ಟಿಗೆ 2017ರಲ್ಲಿ ಇಟ್ಟ ಬೆಲೆ 4,75,000 ಡಾಲರ್. ನಮ್ಮಲ್ಲಿ ನೆಕ್ಸ್‌ಕಾರ್ ಬಂದಾಗ ಹೇಳಿದ್ದು 40 ಲಕ್ಷ ರೂಪಾಯಿಯ ಆಸುಪಾಸು. ಹತ್ತರಲ್ಲೊಂದು ಭಾಗ, ದೊಡ್ಡ ಸಾಧನೆ, ಒಪ್ಪಿದೆ. ಆದರೆ ಆಯುಷ್ಮಾನ್ ಕಾರ್ಡಿನಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಸಿಗುವುದು 5 ಲಕ್ಷ. ಕೆಲಸ ಕಳೆದುಕೊಂಡ ಕಾರ್ಖಾನೆ ನೌಕರನಿಗೆ 40 ಲಕ್ಷ ಅಂದರೆ ಮನೆ ಮಾರಿದರೂ ಸಾಲದು. ಕಾರ್-ಟಿ ಸದ್ಯಕ್ಕೆ ಕೆಲವು ರಕ್ತ ಕ್ಯಾನ್ಸರುಗಳಿಗೆ ಮಾತ್ರ ಎಂಬುದನ್ನೂ ಮರೆಯಬಾರದು. ಅಡಿಕೆ ನಾಡಿನ ನಮಗೆ ಹೆಚ್ಚು ಕಾಡುವ ಬಾಯಿ, ಗಂಟಲಿನ ಗೆಡ್ಡೆಗಳಿಗೆ ಅದಿಲ್ಲ.

ಅಲ್ಲಿಗೂ ಒಂದು ಆಸೆಯ ಸುದ್ದಿಯಿದೆ. ಟಾಟಾ ಸ್ಮಾರಕದ ವೈದ್ಯರು ತಲೆ-ಕುತ್ತಿಗೆಯ ಮುಂದುವರಿದ ಕ್ಯಾನ್ಸರಿದ್ದ 151 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ, ಮಾಮೂಲಿ ಮಾತ್ರೆಗಳ ಜೊತೆ, ಬ್ರೇಕ್ ಬಿಡಿಸುವ ನಿವೊಲುಮ್ಯಾಬ್ ಔಷಧವನ್ನು ರೂಢಿಯ ಪ್ರಮಾಣದ ಹತ್ತನೇ ಒಂದಕ್ಕಿಂತ ಕಡಿಮೆ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂತು: ಒಂದು ವರ್ಷ ಬದುಕಿದ್ದವರು ಶೇ. 16.3ರಿಂದ ಶೇ. 43.4ಕ್ಕೆ ಏರಿದ್ದರು. ಹೊಸ ಔಷಧವಲ್ಲ, ಇದ್ದದ್ದನ್ನೇ ಬಡವನ ಕೈಗೆ ಎಟುಕುವಂತೆ ಮಾಡಿದ್ದು. ನನ್ನ ಮಟ್ಟಿಗೆ ಇದು ನೊಬೆಲ್ಲಿಗೆ ಕಡಿಮೆಯದ್ದಲ್ಲ.

ಇನ್ನೊಂದು ಮಾತು. ಇತ್ತೀಚೆಗೆ "ಇಮ್ಯುನಿಟಿ ಹೆಚ್ಚಿಸಿ ಕ್ಯಾನ್ಸರ್ ಓಡಿಸಿ" ಅಂತ ಪುಡಿ, ರಸ, ಕಷಾಯ ಮಾರುವವರು ಮೊಬೈಲಿನಲ್ಲಿ ತುಂಬಿಕೊಂಡಿದ್ದಾರೆ. ಈ ನೂರಮೂವತ್ತು ವರ್ಷದ ಕತೆ ಹೇಳುವುದು ಬೇರೆಯದನ್ನು. ಮೈಯ ಶಕ್ತಿ ಸುಮ್ಮನೆ ಹೆಚ್ಚಿದರೆ ಸಾಲದು, ಅದಕ್ಕೆ ಶತ್ರು ಯಾರು ಅಂತ ಗೊತ್ತಾಗಬೇಕು. ಗೊತ್ತಾಗಿ ಎದ್ದರೂ ಅಳತೆ ಮೀರಿದರೆ ಮನುಷ್ಯನನ್ನೇ ಕೊಲ್ಲಬಹುದು. ಚಿಕ್ಕಪ್ಪನಿಗೆ ಬಿಸಿಜಿ ಕೊಡುವ ಮೊದಲು ಗೆಡ್ಡೆ ಕೆರೆದು ತೆಗೆದಿದ್ದರು, ಪ್ರತಿ ವಾರ ಮೂತ್ರ ಪರೀಕ್ಷೆ ಮಾಡಿಯೇ ಮುಂದಿನ ಡೋಸ್ ಕೊಡುತ್ತಿದ್ದರು. ಎದ್ದ ಮೈಯನ್ನು ಕಾಯುವ ಡಾಕ್ಟರೊಬ್ಬರು ಪಕ್ಕದಲ್ಲಿ ಇರಲೇಬೇಕು.

ಚಿಕ್ಕಪ್ಪನ ಆರು ಮಂಗಳವಾರ ಮುಗಿದವು. ಆಮೇಲೂ ಆಗಾಗ ಮೂರು ಮೂರು ವಾರದ ಕಂತು ಇತ್ತು. ನಡುವೆ ಒಮ್ಮೆ ಚಿಕ್ಕದೊಂದು ಗೆಡ್ಡೆ ಮತ್ತೆ ಕಾಣಿಸಿ ಎಲ್ಲರ ಜೀವ ಬಾಯಿಗೆ ಬಂದಿತ್ತು; ಅದನ್ನೂ ತೆಗೆದರು. ಈಗಲೂ ತಪ್ಪದೆ ನಳಿಕೆ ಹಾಕಿಸಿ ನೋಡಿಸಿಕೊಂಡು ಬರುತ್ತಾರೆ. ಹೋಗುವ ಹಿಂದಿನ ರಾತ್ರಿ ಇಬ್ಬರೂ ನಿದ್ದೆ ಮಾಡುವುದಿಲ್ಲ ಅಂತ ಚಿಕ್ಕಮ್ಮ ಹೇಳುತ್ತಾರೆ. ಬೀಡಿ ಬಿಟ್ಟಿದ್ದಾರೆ. ಸಂಜೆ ಖಾಲಿ ಕ್ವಾರ್ಟರ್ಸುಗಳ ನಡುವೆ ವಾಕಿಂಗ್ ಹೋಗುತ್ತಾರೆ.

ಹೋದ ವಾರ ಅದೇ ಜಗುಲಿಯಲ್ಲಿ ಈ ಕಾಲ್ಮೆಟ್, ಕೋಲಿ, ಮೊರಾಲೆಸ್ ಎಲ್ಲರ ಕತೆ ಅವರಿಗೆ ಹೇಳಿದೆ. ಎಲ್ಲ ಕೇಳಿ ತೋಳಿನ ಕಲೆ ಸವರಿಕೊಂಡು, "ಅವತ್ತು ಕಿಟಕಿ ಹಾರಿ ಓಡಿಹೋದ್ನಲ್ಲ ಸಿದ್ದ, ಅವನೂ ಈಗ ಇದಾನೆ, ಗಟ್ಟಿಯಾಗೇ ಇದಾನೆ. ನಾನು ಮಾತ್ರ ಎರಡು ಸಲ ಸಿಕ್ಕಿಬಿದ್ದೆ ನೋಡು" ಅಂದರು. ಚಿಕ್ಕಮ್ಮ ಒಳಗಿನಿಂದಲೇ, "ಸಿಕ್ಕಿಬಿದ್ದಿದ್ದಕ್ಕೇ ಇಲ್ಲಿ ಕೂತು ಮಾತಾಡ್ತಿದೀರ, ಕಾಫಿ ತಗೊಳ್ಳಿ" ಅಂದರು.

ನಿಮ್ಮ ತೋಳಿನ ಮೇಲೆ ಕಲೆ ಇದೆಯಾ? ನೋಡಿಕೊಂಡು ಹೇಳಿ. ಮನೆಯಲ್ಲಿ ಹಿರಿಯರಿಗೆ ಬಿಸಿಜಿ ತಂಡದವರು ಶಾಲೆಗೆ ಬಂದ ನೆನಪುಗಳಿದ್ದರೆ ಕೇಳಿ ಬರೆಯಿರಿ. ಮತ್ತೆ, ಯಾರಿಗಾದರೂ ಮೂತ್ರದಲ್ಲಿ ರಕ್ತ ಕಂಡರೆ ಎಳನೀರು ಕುಡಿದು ಕೂರಬೇಡಿ ಅಂತ ಹೇಳಿ. ನೋವಿಲ್ಲದಿದ್ದರೂ ಸರಿ, ತೋರಿಸಲಿ.